ಉಡುಪಿ-ಚಿಕ್ಕಮಗಳೂರಲ್ಲಿ ಸಣ್ಣ ಪಕ್ಷದಿಂದ ನಿಲ್ಲುವವರು ಮೊದಲು ಸೂಚಕರ ಊರು ನೋಡಿಕೊಳ್ಳಿ

ಸರ್ಕಾರದ ಕೈ ಕಮ್ಮಿಯಿರಬೇಕು, ವ್ಯಾಪಾರ ಮುಕ್ತವಾಗಿರಬೇಕು ಎನ್ನುವ ಸಣ್ಣ ಲಿಬರ್ಟೇರಿಯನ್ ಪಕ್ಷದಿಂದ ಉಡುಪಿ-ಚಿಕ್ಕಮಗಳೂರಲ್ಲಿ ಲೋಕಸಭೆಗೆ ನಿಲ್ಲುತ್ತೇನೆ, ನಾಮಪತ್ರ ತಿರಸ್ಕಾರವಾಗದಂತೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಇಂಥವರು ನಿಲ್ಲಲೇಬೇಕು ಎನ್ನುವವನು ನಾನು. 1967ರಲ್ಲಿ ಇದೇ ಉಡುಪಿ, ಮುಕ್ತ ವ್ಯಾಪಾರದ ಪರವಾಗಿದ್ದ ‘ಸ್ವತಂತ್ರ ಪಕ್ಷ’ದ ಜೆ. ಎಂ. ಲೋಬೊ ಪ್ರಭು ಅವರನ್ನು ಗೆಲ್ಲಿಸಿ ದಿಲ್ಲಿಗೆ ಕಳಿಸಿತ್ತು.

ಠೇವಣಿ 25,000 ರೂಪಾಯಿ, ಪರಿಶಿಷ್ಟರಿಗೆ 12,500. ಅದು ಹೇಗೋ ಹೊಂದುತ್ತದೆ. ಕೈಕೊಡುವುದು ಸೂಚಕರ, ಅಂದರೆ ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರ ಪಟ್ಟಿ. ಮಾನ್ಯತೆ ಪಡೆದ ಪಕ್ಷಕ್ಕೆ ಒಬ್ಬ ಸೂಚಕ ಸಾಕು, ನಿಮಗೆ 10 ಮಂದಿ ಬೇಕು. ಹತ್ತೂ ಮಂದಿ ಇದೇ ಲೋಕಸಭಾ ಕ್ಷೇತ್ರದ ಮತದಾರರಾಗಿರಬೇಕು. ಜಿಲ್ಲೆ ನೋಡಿ ಸಹಿ ಹಾಕಿಸಿದರೆ ಕೆಟ್ಟಿರಿ. ಬೈಂದೂರು ಉಡುಪಿ ಜಿಲ್ಲೆಯದ್ದೇ, ಆದರೆ ಲೋಕಸಭೆಗೆ ಶಿವಮೊಗ್ಗಕ್ಕೆ ಸೇರಿದೆ. ಕುಂದಾಪುರದ ಎದುರು ದಡದ ಗಂಗೊಳ್ಳಿಯವರ ಮತವೂ ಬೈಂದೂರಿನದ್ದೇ. ಅತ್ತ ಕಡೂರು ಹಾಸನಕ್ಕೆ ಹೋಗುತ್ತದೆ. ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಈ ಎಂಟರ ಪಟ್ಟಿಯಲ್ಲಿ ಹೆಸರಿದ್ದವರೇ ಆಗಬೇಕು. ಗಂಗೊಳ್ಳಿಯ ಒಂದು ಸಹಿ ಸೇರಿದರೆ ಉಳಿಯುವುದು ಒಂಬತ್ತು. ಆ ನಾಮಪತ್ರ ಬಿತ್ತು.

ನಾಮಪತ್ರದ ನಮೂನೆ 2ಎಯಲ್ಲಿ ಪ್ರತಿಯೊಬ್ಬ ಸೂಚಕರ ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಇತ್ತೀಚಿನ ಮತದಾರರ ಪಟ್ಟಿ ಎದುರಿಗಿಟ್ಟುಕೊಂಡೇ ಬರೆಯಿರಿ. ಹೆಬ್ಬೆಟ್ಟು ಒತ್ತುವವರಿದ್ದರೆ ಚುನಾವಣಾಧಿಕಾರಿಯ ಎದುರೇ ಒತ್ತಬೇಕು. ಒಂದೇ ಠೇವಣಿಗೆ ನಾಲ್ಕು ನಾಮಪತ್ರದವರೆಗೆ ಹಾಕಬಹುದು, ಎರಡನೆಯದಕ್ಕೆ ಬೇರೆಯೇ ಹತ್ತು ಜನರನ್ನು ಹಿಡಿಯಿರಿ.

ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿ ಯಾವ ಕಾಲಮನ್ನೂ ಖಾಲಿ ಬಿಡಬೇಡಿ, ಗೀಟೂ ಎಳೆಯಬೇಡಿ. ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆಯಿರಿ. ಪ್ರಮಾಣವಚನ ಪರಿಶೀಲನೆಯ ಹಿಂದಿನ ದಿನವೇ ಮುಗಿದಿರಬೇಕು. ಮಣಿಪಾಲದ ಜಿಲ್ಲಾಧಿಕಾರಿ ಕಚೇರಿ ರಜತಾದ್ರಿಯಲ್ಲಿ ನಾಮಪತ್ರ ಕೊಟ್ಟ ಕೂಡಲೇ ಅಲ್ಲೇ ಮಾಡಿಬಿಡಿ.

ನೀವೇ ಪಕ್ಷದ ಅಭ್ಯರ್ಥಿ ಎಂದು ಪಕ್ಷ ಕೊಡುವ ಎ, ಬಿ ಫಾರಂಗಳು ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರೊಳಗೆ ತಲುಪಬೇಕು, ಸಹಿ ಶಾಯಿಯದ್ದೇ ಇರಬೇಕು, ಜೆರಾಕ್ಸ್ ನಡೆಯದು. ತಪ್ಪಿದರೆ ಪಕ್ಷೇತರರಾಗುತ್ತೀರಿ, ಅಷ್ಟೆ. ಪಕ್ಷ ಇನ್ನೂ ನೋಂದಣಿಯಾಗಿಲ್ಲವಾದರೆ ಒಂದು ಮಾತು: ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನ ಪ್ರಕಾರ ಪಕ್ಷದ ನಿಯಮಾವಳಿಯಲ್ಲಿ ಸಮಾಜವಾದಕ್ಕೆ ನಿಷ್ಠೆ ಬರೆದುಕೊಡಬೇಕು. ಅದು ಒಪ್ಪಿಗೆಯಿಲ್ಲದವರು ಪಕ್ಷೇತರರಾಗಿಯೇ ನಿಲ್ಲುವುದು ನೇರ ದಾರಿ. ಅಭ್ಯರ್ಥಿಯ ಪ್ರಮಾಣವಚನದಲ್ಲಿ ಆ ಪದವಿಲ್ಲ.

ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಬ್ಯಾಂಕ್ ಖಾತೆ ತೆರೆಯಿರಿ. ಚಲಾಯಿತ ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಸಿಗದೆ ಠೇವಣಿ ಹೋದರೂ, ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಲೇಬೇಕು. ಸೋತವರು ಮರೆಯುವುದೇ ಇದನ್ನು. ಕೊಡದಿದ್ದರೆ ಮೂರು ವರ್ಷ ಅನರ್ಹಗೊಳಿಸಬಹುದು.