ಕಂಡಕ್ಟರ್ ಎಂದು ಯಾಕೆ ಬರೆದಿರಿ?

ಓದುಗರ ಪತ್ರ:

ಹೋದ ಸಂಚಿಕೆಯಲ್ಲಿ ನಮ್ಮ ದಾವಣಗೆರೆಯ ಹವ್ಯಾಸಿ ತಂಡದ ನಾಟಕದ ಬಗ್ಗೆ ಬರೆದಿದ್ದೀರಿ. ಒಬ್ಬರು ಬಸ್ ಕಂಡಕ್ಟರ್, ಒಬ್ಬರು ಮಂಡಕ್ಕಿ ಭಟ್ಟಿಯವರು, ಒಬ್ಬರು ಮೇಷ್ಟ್ರು, ಒಬ್ಬರು ಗೃಹಿಣಿ ಅಂತ ಅರ್ಧ ಪುಟ ಅವರ ಕೆಲಸದ ಪಟ್ಟಿಯೇ ಇದೆ. ನಾನು ನಾಟಕ ನೋಡಿದವನು. ಕೊನೆಯ ದೃಶ್ಯ ಸಡಿಲವಾಗಿತ್ತು. ಅದರ ಬಗ್ಗೆ ಒಂದು ಮಾತಿಲ್ಲ. ಬಣ್ಣ ಹಚ್ಚಿದ ಮೇಲೆ ಅವರು ನಟರು, ಅಷ್ಟೆ. ಕಂಡಕ್ಟರ್ ಆದರೇನು, ಕಲೆಕ್ಟರ್ ಆದರೇನು?
– ಹೆಸರು ಬೇಡ ಎಂದಿರುವ ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಸಂಪಾದಕರ ಉತ್ತರ:

ನಿಮ್ಮ ಪತ್ರದ ಕೊನೆಯ ಸಾಲು ನಮ್ಮ ಕಚೇರಿಯಲ್ಲಿ ಎರಡು ದಿನ ಎಲ್ಲರ ಬಾಯಲ್ಲೂ ಇತ್ತು. ಚೆನ್ನಾಗಿ ಬೈದಿದ್ದೀರಿ ಸರ್. ಅದರಲ್ಲಿ ಅರ್ಧ ನಮಗೆ ಸಲ್ಲಬೇಕಾದದ್ದೇ. ಇನ್ನರ್ಧದ ಬಗ್ಗೆ ನನ್ನದೊಂದು ತಕರಾರಿದೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಗೌಡತಿಯ ಪಾತ್ರ ಮಾಡಿದ ಹಿರಿಯರನ್ನು ‘ಗೃಹಿಣಿ’ ಎಂದು ಬರೆದೆವು. ಆಯಮ್ಮ ಹುಟ್ಟಿದ್ದೇ ನಾಟಕ ಕಂಪನಿಯ ಬಿಡಾರದಲ್ಲಿ. ಬಣ್ಣ ಹಚ್ಚಿದ್ದು ಏಳನೇ ವಯಸ್ಸಿಗೆ, ಲೋಹಿತಾಶ್ವನ ಪಾತ್ರಕ್ಕೆ. ಕಂಪನಿ ಬಿಟ್ಟು ಇಲ್ಲಿ ಮನೆ ಮಾಡಿ ಮೂವತ್ತು ವರ್ಷ ಆಯಿತು ಅಂತ ಹಿಂದಿನದೆಲ್ಲ ಅಳಿಸಿ ಹೋಗುತ್ತದಾ? ಪತ್ರಿಕೆ ಬಂದ ದಿನವೇ ಫೋನ್ ಮಾಡಿದರು. ಕೋಪ ಮಾಡಲಿಲ್ಲ. ‘ನಾನು ಅನ್ನ ಸಾರು ಮಾಡೋದು ಊರಿಗೆಲ್ಲ ಗೊತ್ತಲ್ಲಪ್ಪ, ಅದನ್ನೇ ಬರ್ದೀಯಲ್ಲ’ ಎಂದರು. ಚಿಂದೋಡಿ ವೀರಪ್ಪನವರ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಇಲ್ಲಿ ಕೂತು ಪತ್ರಿಕೆ ಮಾಡುವ ನಾವು ಕಂಪನಿ ನಟಿಯ ಬಗ್ಗೆ ಹೀಗೆ ಬರೆದರೆ ಇನ್ನು ಯಾರು ಸರಿಯಾಗಿ ಬರೆಯಬೇಕು? ತಪ್ಪಾಯಿತು.

ಇನ್ನು ತಕರಾರು. ನಾನು ನಾಲ್ಕು ರಾತ್ರಿ ಇವರ ತಾಲೀಮು ನೋಡಲು ಹೋಗಿದ್ದೆ. ಶಾಲೆಯೊಂದರ ಕೋಣೆ, ರಾತ್ರಿ ಎಂಟೂವರೆಗೆ ಶುರು. ಅದಕ್ಕಿಂತ ಮುಂಚೆ ಆಗುವುದಿಲ್ಲ, ಯಾಕೆಂದರೆ ಕಂಡಕ್ಟರ್ ಡಿಪೋದಲ್ಲಿ ಲೆಕ್ಕ ಕೊಟ್ಟು ಬರಬೇಕು.

ಕೆರೆ ಒಡೆದು ಜನ ಊರು ಬಿಟ್ಟು ಹೋಗುವ ದೃಶ್ಯ ನಿಮಗೆ ನೆನಪಿರಬಹುದು. ಹತ್ತು ಜನ ಒಂದು ಲಾರಿಯಲ್ಲಿ ನಿಂತಿದ್ದಾರೆ. ರಂಗದ ಮೇಲೆ ಲಾರಿ ಇಲ್ಲ, ಒಂದು ಹಗ್ಗ ಮಾತ್ರ. ಮೊದಲ ರಾತ್ರಿ ಎಲ್ಲರೂ ಮೈಮೇಲೆ ದೇವರು ಬಂದವರ ಹಾಗೆ ಭುಜ ಕುಣಿಸುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಒಬ್ಬರು ಮಾತ್ರ ಕಾಲು ಅಗಲಿಸಿ, ಹಗ್ಗ ಹಿಡಿಯದೆ ಸುಮ್ನೆ ನಿಂತಿದ್ದರು. ನೋಡನೋಡುತ್ತಾ ಅವರ ಕಾಲ ಕೆಳಗೆ ಲಾರಿ ಓಡತೊಡಗಿತು. ನಿರ್ದೇಶಕರು ತಾಲೀಮು ನಿಲ್ಲಿಸಿ, ಅದು ಹೇಗೆ ಎಂದು ಕೇಳಿದರು. ‘ಮೈ ಅಲ್ಲಾಡಬಾರದು ಸರ್, ಮೊಣಕಾಲು ಅಲ್ಲಾಡಬೇಕು. ಗುಂಡಿ ಬರೋದು ಹಿಮ್ಮಡಿಗೆ ಮೊದಲೇ ಗೊತ್ತಾಗುತ್ತೆ’ ಎಂದರು ಕಂಡಕ್ಟರ್. ಹನ್ನೊಂದು ವರ್ಷ ಜಗಳೂರು ರೂಟಿನಲ್ಲಿ ಟಿಕೆಟ್ ಹರಿದವರು. ಮುಂದಿನ ಎರಡು ರಾತ್ರಿ ಉಳಿದವರೆಲ್ಲ ಅವರ ಹಾಗೆ ನಿಲ್ಲುವುದನ್ನೇ ಕಲಿತರು. ನಾಟಕದ ದಿನ ಆ ದೃಶ್ಯಕ್ಕೆ ಚಪ್ಪಾಳೆ ಬಿತ್ತು. ನೀವೂ ತಟ್ಟಿರಬೇಕು, ಅಲ್ವಾ?

ಹಾಗಾಗಿ ಕಂಡಕ್ಟರ್ ಎಂದು ಬರೆದದ್ದು ಸರಿ. ಅಲ್ಲಿಗೇ ನಿಲ್ಲಿಸಿದ್ದು ತಪ್ಪು. ಕೆಲಸದ ಹೆಸರು ಹಾಕಿದೆವು, ಆ ಕೆಲಸ ನಾಟಕದೊಳಗೆ ಏನು ಮಾಡಿತು ಎಂದು ಹೇಳಲಿಲ್ಲ.

ಎಲ್ಲರ ಕೆಲಸವೂ ಪಾತ್ರಕ್ಕೆ ಒದಗುತ್ತದೆ ಎಂದೇನೂ ನಾನು ಹೇಳುತ್ತಿಲ್ಲ. ನಮ್ಮ ಮೇಷ್ಟ್ರು ಶಾನುಭೋಗರಾಗಿ ಬಂದರೂ ಮೇಷ್ಟ್ರೇ. ತೋರುಬೆರಳು ಎತ್ತದೆ ಒಂದು ಮಾತೂ ಆಡಲಿಲ್ಲ.

ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಗೌಡತಿ ಮತ್ತು ಆಕೆಯ ಮಗನ ಜೋಡಿ. ಮಗನ ಪಾತ್ರದ ಹುಡುಗ ಚಳ್ಳಕೆರೆ ಕಡೆಯವನು, ಮನೆಯಲ್ಲಿ ಕುರಿ ಸಾಕುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರದಲ್ಲಿ ಒಂದು ವರ್ಷ ಊರೂರು ತಿರುಗಿ ಬಂದಿದ್ದಾನೆ. 1997ರಲ್ಲಿ ಶುರುವಾದ ಈ ತಿರುಗಾಟದ ತಂಡ ವರ್ಷಕ್ಕೆ ಮೂರು ನಾಟಕ ಹೊತ್ತು ನಾಡು ಸುತ್ತುತ್ತದೆ. ಅಲ್ಲಿ ಪಳಗಿದವನಿಗೆ ಎದುರಿಗಿರುವ ಪಾತ್ರದ ಕಣ್ಣು ನೋಡಿ ಮಾತಾಡುವುದು ರೂಢಿ. ನಮ್ಮ ಗೌಡತಿಯ ಅಭ್ಯಾಸ ಬೇರೆ. ಮೇಲಿಂದ ಎರಡೇ ಮೈಕು ಇಳಿಬಿಟ್ಟಿರುತ್ತಿದ್ದ ಕಾಲದಲ್ಲಿ ಬೆಳೆದವರು. ಮಾತಾಡಬೇಕೆಂದರೆ ಮೈಕಿನ ಕೆಳಗೆ ಬಂದು, ಜನರತ್ತ ತಿರುಗಿ, ಕೊನೆಯ ಸಾಲಿಗೆ ಕೇಳುವಂತೆ ಹೇಳಬೇಕು. ಈಗ ಮೈಕು ಎಲ್ಲೋ ಇರುತ್ತದೆ, ಅವರ ಕಾಲು ಮಾತ್ರ ತಾನಾಗಿ ರಂಗದ ನಡುವಿಗೆ ಬರುತ್ತದೆ. ಹುಡುಗ ಪಿಸುಮಾತಿನಲ್ಲಿ ಅಮ್ಮಾ ಅನ್ನುತ್ತಾನೆ, ಅಮ್ಮ ಸಭೆಗೆ ಉತ್ತರ ಕೊಡುತ್ತಾರೆ! ಎರಡು ವಾರ ಇಬ್ಬರಿಗೂ ಹೊಂದಲೇ ಇಲ್ಲ.

ಕೊನೆಗೆ ನಿರ್ದೇಶಕರು ತಿದ್ದುವುದನ್ನೇ ಬಿಟ್ಟರು. ಊರೆಲ್ಲ ಕೇಳಲಿ ಎಂದೇ ಮಾತಾಡುವ ಗೌಡತಿ, ಬೆನ್ನ ಹಿಂದೆ ಮಗ. ಆತ ಊರು ಬಿಡುತ್ತೇನೆ ಎಂದಾಗ ಒಂದೇ ಒಂದು ಸಲ ಆಕೆ ಹಿಂದೆ ತಿರುಗುತ್ತಾರೆ. ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ಆಗ ಸೆರಗು ಬಾಯಿಗಿಟ್ಟುಕೊಂಡರು.

ಈಗ ನಿಮ್ಮ ಕೊನೆಯ ದೃಶ್ಯಕ್ಕೆ ಬರುತ್ತೇನೆ. ಸಡಿಲವಾಗಿತ್ತು, ನಿಜ. ಕಾರಣ ನನಗೆ ಗೊತ್ತಿತ್ತು. ಮಂಡಕ್ಕಿ ಭಟ್ಟಿಯವರು ಬೆಳಗಿನ ಜಾವ ಮೂರಕ್ಕೆ ಏಳಬೇಕು. ಅವರು ಕಾದ ಮರಳಿನಲ್ಲಿ ಅಕ್ಕಿ ಹುರಿದರೇನೇ ಸಂಜೆ ನಮಗೆ ಮಿರ್ಚಿ ಜೊತೆ ಮಂಡಕ್ಕಿ. ಹಾಗಾಗಿ ಅವರ ದೃಶ್ಯಗಳನ್ನು ಮೊದಲು ಮುಗಿಸಿ ಒಂಬತ್ತೂವರೆಗೆ ಮನೆಗೆ ಕಳಿಸುತ್ತಿದ್ದರು. ಕೊನೆಯ ದೃಶ್ಯದಲ್ಲೂ ಅವರಿದ್ದಾರೆ. ಆದರೆ ಆ ದೃಶ್ಯದ ತಾಲೀಮು ಹತ್ತೂವರೆಗೆ, ಎಲ್ಲರೂ ಆಕಳಿಸುವ ಹೊತ್ತಿಗೆ. ಅವರ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಒಂದೂವರೆ ತಿಂಗಳು ಕುರ್ಚಿಯ ಜೊತೆ ಮಾತಾಡಿದವರು, ನಾಟಕದ ದಿನ ಮನುಷ್ಯ ಬಂದು ನಿಂತರೂ ಕುರ್ಚಿಗೆ ಹೇಳಿದ ಹಾಗೆಯೇ ಹೇಳಿದರು.

ಇದನ್ನು ಬರೆಯಬೇಕಿತ್ತು. ಬರೆಯಲು ಕೈ ಬರಲಿಲ್ಲ. ಪಾಪ, ದಿನವಿಡೀ ದುಡಿದು ಬಂದು ಆಡುತ್ತಾರೆ, ಟಿಕೆಟ್ ದುಡ್ಡು ಲೈಟಿನವರಿಗೆ, ಮೇಕಪ್ಪಿನವರಿಗೆ ಸಾಲುವುದಿಲ್ಲ, ಇನ್ನು ಕೊಂಕು ಯಾಕೆ ಅನಿಸಿತು. ಆ ‘ಪಾಪ’ವೇ ನಮ್ಮ ಅರ್ಧ ಪುಟ ತಿಂದದ್ದು. ನೀವು ಟಿಕೆಟ್ ಕೊಟ್ಟು ನೋಡಿದವರು, ಆಡಿದವರು ಪಾಪ ಅನ್ನಿಸಿಕೊಳ್ಳಲು ಆಡಿದವರಲ್ಲ. ನಿಮ್ಮ ಪತ್ರವನ್ನು ತಂಡಕ್ಕೂ ತೋರಿಸಿದೆ. ಕಂಡಕ್ಟರ್ ಎರಡು ಸಲ ಓದಿ, ‘ಕಲೆಕ್ಟರ್ ಆಗಿದ್ರೆ ತಾಲೀಮಿಗೆ ರಜೆ ಸಿಗ್ತಿತ್ತೇನೋ’ ಎಂದು ನಕ್ಕರು.

ಮುಂದಿನ ಪ್ರಯೋಗ ಹರಿಹರದಲ್ಲಿದೆ. ಭಟ್ಟಿಯವರು ಮಾಲೀಕರ ಹತ್ತಿರ ನಾಲ್ಕು ದಿನ ರಜೆ ಕೇಳಿಕೊಂಡಿದ್ದಾರೆ. ಈ ಸಲ ಕುರ್ಚಿ ಬೇಡವಂತೆ. ನೀವು ಬರುವುದಾದರೆ ಕಚೇರಿಗೆ ಒಂದು ಫೋನ್ ಮಾಡಿ, ಜೊತೆಗೇ ಹೋಗೋಣ.