ಮುತ್ತಜ್ಜ ಕೊಡಗಿನವರಂತೆ, ಹುಡುಕಾಟವನ್ನು ಕಚೇರಿಯಿಂದ ಆರಂಭಿಸಲೇ?

ಮುತ್ತಜ್ಜನ ಮನೆತನ ಹುಡುಕಲು ಮೂರು ದಿನದ ರಜೆ, ಮಡಿಕೇರಿಯ ದಾಖಲೆ ಕಚೇರಿ, ಅಲ್ಲಿ ಏನೂ ಸಿಗದಿದ್ದರೆ ಡಿಎನ್‌ಎ ಪರೀಕ್ಷೆ. ನಿಮ್ಮ ಯೋಜನೆ ಓದುತ್ತಿದ್ದಂತೆ ಹದಿನಾಲ್ಕು ವರ್ಷ ಹಿಂದಿನ ನನ್ನ ನೀಲಿ ಪ್ಲಾಸ್ಟಿಕ್ ಕಡತ ನೆನಪಾಯಿತು. ಅದನ್ನು ಬಸ್ಸಿನಲ್ಲೇ ಮರೆತುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮಜ್ಜ ಸೈನ್ಯ ಸೇರಿ ಊರು ಬಿಟ್ಟವರು, ನಿವೃತ್ತರಾದ ಮೇಲೆ ಮೈಸೂರಿನಲ್ಲೇ ನೆಲೆಸಿದರು. ನನಗೆ ಕೊಡವರ ಭಾಷೆ, ಕೊಡವ ತಕ್ಕ್, ಅರ್ಧಂಬರ್ಧ. ಕೈಯಲ್ಲಿದ್ದದ್ದು ಮನೆ ಹೆಸರು ಮತ್ತು ನಾಪೋಕ್ಲಿನಾಚೆಯ ಒಂದು ಊರಿನ ಹೆಸರು. ದಾಖಲೆ ಇಲ್ಲದೆ ಹೋದರೆ ಯಾರು ನಂಬುತ್ತಾರೆ ಎಂದುಕೊಂಡು ಮೊದಲು ಪಹಣಿ ತೆಗೆಸಿ, ಅದನ್ನು ಹಿಡಿದು ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ, ಮೆಟ್ಟಿಲು ಹತ್ತಿದೆ.

ಕೈಯಾಲೆಯ (ಜಗಲಿಯ) ಐಮರದ ಹಲಗೆಯ ಮೇಲೆ ನಮ್ಮಜ್ಜನ ದೊಡ್ಡಪ್ಪನ ಮಗ, ನನಗೆ ಅವರೂ ಅಜ್ಜನೇ, ಕುಳಿತಿದ್ದರು. ಮನೆ ಹೆಸರು ಹೇಳಿದೆ, ಯಾರ ಮೊಮ್ಮಗ ಎಂದೂ ಹೇಳಿದೆ. ಅಷ್ಟಕ್ಕೇ ಒಳಗಿನಿಂದ ಬೆಲ್ಲದ ಕಾಫಿ ಬಂತು. ಅವರ ಅತ್ತಿಗೆ, ತೊಂಬತ್ತು ದಾಟಿದ ತಾಯಿ, ಗೋಡೆ ಹಿಡಿದುಕೊಂಡು ಹೊರಗೆ ಬಂದರು. (ಕೊಡವರಲ್ಲಿ ತಾಯಿ ಎಂದರೆ ಅಜ್ಜಿ, ಹೆತ್ತವಳು ಅವ್ವ. ಇದು ಗೊತ್ತಿಲ್ಲದೆ ವಂಶವೃಕ್ಷ ಬರೆಯಲು ಕೂತರೆ ಒಂದು ತಲೆಮಾರೇ ಹಾರಿಹೋಗುತ್ತದೆ.) ಅವರು ನನ್ನ ಕಿವಿ ಹಿಡಿದು, ಇದು ನಿನ್ನ ಮುತ್ತಜ್ಜಿಯ ಕಿವಿ, ಅವಳ ತಾಮನೆಯವರಿಗೆಲ್ಲ (ತವರಿನವರಿಗೆಲ್ಲ) ಹೀಗೆಯೇ ಎನ್ನುತ್ತ ಆ ಮನೆಯ ಹೆಸರನ್ನೂ ಹೇಳಿದರು. ನಾನು ಕಡತದ ಗುಂಡಿ ಬಿಚ್ಚುತ್ತಿದ್ದೆ.

"ಇದರಲ್ಲಿ ನಮ್ಮಜ್ಜನ ಹೆಸರು ಏಕಿಲ್ಲ, ಅಜ್ಜ?" ಎಂದು ಪಹಣಿ ಚಾಚಿದೆ.

"ನಿನಗೆ ಎಷ್ಟು ಎಕರೆ ಬೇಕು?" ಎಂದರು.

ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಒಬ್ಬನದ್ದಲ್ಲ, ಇಡೀ ಒಕ್ಕದ್ದು, ಅಂದರೆ ಮನೆತನದ್ದು. ದಾಖಲೆಯಲ್ಲಿ ಒಕ್ಕದ ಹಿರಿಯನಾದ ಪಟ್ಟೇದಾರನ ಹೆಸರಿದ್ದರೂ ಹಕ್ಕು ಹತ್ತಾರು ಮನೆಗಳಲ್ಲಿ ಹರಡಿರುತ್ತದೆ. ಅಂಥ ಮನೆಗೆ ಗುರುತಿಲ್ಲದ ಮೊಮ್ಮಗ ಪಹಣಿ ಹಿಡಿದು ಬಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಪಾಲು ಬೇಡ ಎಂದು ನಾನು ಮೂರು ಸಲ ಹೇಳಿದೆ. ಪಾಲು ಬೇಡದವನು ಮನೆಗೆ ಬರುವ ಮೊದಲು ಕಚೇರಿಗೆ ಏಕೆ ಹೋದ? ಸರ್ವೆ ನಂಬರ್ ಏಕೆ ಬೇಕಾಯಿತು? ಬೇಡ ಎಂದು ಮೂರು ಸಲ ಏಕೆ ಹೇಳುತ್ತಾನೆ? ಅವರ ಜಾಗದಲ್ಲಿ ನಾನಿದ್ದರೂ ಹೀಗೆಯೇ ಯೋಚಿಸುತ್ತಿದ್ದೆ. ಅದೇ ಪ್ರಶ್ನೆಯನ್ನು ಬರಿಗೈಯಲ್ಲಿ, ಊಟದ ನಂತರ, ಮೂರನೆಯ ಭೇಟಿಯಲ್ಲಿ ಕೇಳಿದ್ದರೆ ನಮ್ಮಜ್ಜ ಊರು ಬಿಟ್ಟ ಕಥೆ ಹೊರಬರುತ್ತಿತ್ತೋ ಏನೋ. ಹಳೆಯ ಕಾಗದಗಳ ಪೆಟ್ಟಿಗೆಯ ಕೀಲಿ ಗೋಣಿಕೊಪ್ಪಲಿನ ತಮ್ಮನ ಬಳಿ ಇದೆ ಎಂದರು. ಕೀಲಿ ಅವರ ಸೊಂಟದಲ್ಲೇ ಇತ್ತು. ತಾಯಿ ಆಗಲೇ ಒಳಗೆ ಹೋಗಿದ್ದರು.

ಆದ್ದರಿಂದ ಕಚೇರಿ ಮೊದಲೋ ಡಿಎನ್‌ಎ ಮೊದಲೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಎಂಜಲು ಕೊಟ್ಟು ಮನೆ ಹೆಸರು ತಿಳಿಯಲಾಗದು. ನೀವು ಕೊಡವರಾಗಿದ್ದರೆ ಅದು ನಿಮ್ಮ ಮನೆಯ ಯಾವುದಾದರೂ ಹಳೆಯ ಪ್ರಮಾಣಪತ್ರದಲ್ಲಿ ಇನಿಷಿಯಲ್ ಆಗಿ ಕುಳಿತಿರುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ 'ಕೆ' ಕೊಡಂದೇರ, 'ಎಂ' ತಂದೆ ಮಾದಪ್ಪ. ಹಾಗೆಯೇ ನಿಮ್ಮದನ್ನೂ ಬಿಡಿಸಿ ನೋಡಿ. ಅರೆಭಾಷೆ ಗೌಡರಾದರೆ, ಊರು ಸುಳ್ಯದ ಕಡೆಯದಾದರೆ, ಮಡಿಕೇರಿಯಲ್ಲಿ ಹುಡುಕಿ ಸುಸ್ತಾಗಬೇಡಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗಲೇ ಆ ಸುಳ್ಯದ ಸೀಮೆಯನ್ನು, ಅಂದಿನ ಅಮರಸುಳ್ಯವನ್ನು, ಕೆನರಾ ಜಿಲ್ಲೆಗೆ (ಸುಳ್ಯ ಈಗ ದಕ್ಷಿಣ ಕನ್ನಡದಲ್ಲಿದೆ) ಸೇರಿಸಿಬಿಟ್ಟರು.

ಮೂರು ದಿನ ಸಾಲದು. ಒಂದೇ ದಿನ ಹೋಗಿ, ಆದರೆ ನಾಲ್ಕು ಸಲ ಹೋಗಿ. ಜುಲೈ ಮಳೆಯಲ್ಲಿ ಬೇಡ. ಸೆಪ್ಟೆಂಬರಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಅಥವಾ ಸುಗ್ಗಿಯ ಹಬ್ಬ ಪುತ್ತರಿಗೆ, ಒಕ್ಕದವರು ಐನ್‌ಮನೆಯಲ್ಲಿ ಸೇರುವಾಗ, ಮೊದಲೇ ಫೋನ್ ಮಾಡಿ ಹೋಗಿ. ಸಿಕ್ಕ ಹೆಸರನ್ನೆಲ್ಲ ಬರೆದುಕೊಳ್ಳಿ, ಮುಖ್ಯವಾಗಿ ಹೆಂಗಸರು ಹೇಳಿದ್ದನ್ನು. ಮದುವೆಯಾದ ಹೆಣ್ಣಿನ ಮನೆ ಹೆಸರು ಬದಲಾಗುತ್ತದೆ; ಅವಳ ತಾಮನೆ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಹಾಗೆಯೇ, 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವರ ಕೌಟುಂಬಿಕ ಹಾಕಿ ಉತ್ಸವ ನಡೆಯುವಾಗ ಒಂದು ದಿನ ಮೈದಾನಕ್ಕೆ ಹೋಗಿ. ಒಂದೊಂದು ಒಕ್ಕದ್ದು ಒಂದೊಂದು ತಂಡ. ನಿಮ್ಮ ಮನೆ ಹೆಸರಿನ ತಂಡದ ಹಿಂದೆ ಕುಳಿತರೆ ಅರ್ಧ ಗಂಟೆಯಲ್ಲಿ ಯಾರಾದರೂ ಮಾತನಾಡಿಸುತ್ತಾರೆ.

ಎರಡು ಮಳೆಗಾಲದ ನಂತರ, ಕಾರಣವರಿಗೆ, ಅಂದರೆ ಒಕ್ಕದ ಪೂರ್ವಿಕರಿಗೆ, ಎಡೆ ಇಡುವ ದಿನ ನನಗೂ ಕರೆ ಬಂತು. ಪೂರ್ವಿಕರ ಗುಡಿಯಾದ ಕೈಮಡದ ಮುಂದೆ ಕೈಮುಗಿದು ಬಂದ ಮೇಲೆ ಐನ್‌ಮನೆಯ ಅಜ್ಜ ತಾವಾಗಿಯೇ ಪೆಟ್ಟಿಗೆ ತೆರೆದರು. ಗಂಡಸರ ಹೆಸರುಗಳ ಉದ್ದನೆಯ ಪಟ್ಟಿಯಿರುವ ಪುಸ್ತಕವೊಂದಿತ್ತು. ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ಮುತ್ತಜ್ಜಿಯ ಹೆಸರಿತ್ತು, ತಾಮನೆಯ ಹೆಸರಿರಲಿಲ್ಲ. ತಾಯಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಅಜ್ಜನಿಗೂ ನೆನಪಿರಲಿಲ್ಲ.

ಈಗ ಹಾಕಿ ಮೈದಾನದಲ್ಲಿ ಕುಳಿತರೆ ಆಟಕ್ಕಿಂತ ಹೆಚ್ಚಾಗಿ ಆಟಗಾರರ ಕಿವಿಗಳನ್ನು ನೋಡುತ್ತೇನೆ.