ಅಪ್ಪನ ಕಣ್ಣಿಗೆ ಯಾವ ಲೆನ್ಸ್ ಹಾಕಿಸಲಿ?

ಕಣ್ಣಿನ ಪೊರೆ ಬಗ್ಗೆ ಹೋದ ತಿಂಗಳು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಲೆನ್ಸಿನದೇ ಪ್ರಶ್ನೆ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ.

ಪ್ರಶ್ನೆ: ಅಪ್ಪನಿಗೆ 67 ವರ್ಷ, ಕೊಬ್ಬರಿ ವ್ಯಾಪಾರ. ಎರಡೂ ಕಣ್ಣಿಗೆ ಪೊರೆ ಬಂದಿದೆ. 15 ವರ್ಷದಿಂದ ಶುಗರ್ ಇದೆ. ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಟ್ಟರು. ಮೊನೋಫೋಕಲ್, ಈಡಾಫ್, ಟ್ರೈಫೋಕಲ್, ಟೋರಿಕ್ ಅಂತ ನಾಲ್ಕು ಹೆಸರು, ನಾಲ್ಕು ರೇಟು. ಕಡಿಮೆ ರೇಟಿನದು ಹಾಕಿಸಿದರೆ ಅಪ್ಪನಿಗೆ ಅನ್ಯಾಯ ಮಾಡಿದ ಹಾಗಾಗುತ್ತಾ?
— ಮಗಳು, ತಿಪಟೂರು

ಅನ್ಯಾಯ ಏನೂ ಆಗುವುದಿಲ್ಲಮ್ಮಾ. ಆ ಚೀಟಿಯನ್ನು ಹೋಟೆಲ್ ಮೆನು ಥರ ಮೇಲಿಂದ ಕೆಳಗೆ ಓದಬೇಡಿ, ಅಷ್ಟೇ.

ಹುಟ್ಟಿನಿಂದ ಬಂದ ಮಸೂರ ಮೆತ್ತಗಿರುತ್ತದೆ. ಹತ್ತಿರ ನೋಡುವಾಗ ಉಬ್ಬುತ್ತದೆ, ದೂರ ನೋಡುವಾಗ ಚಪ್ಪಟೆಯಾಗುತ್ತದೆ. ನಲವತ್ತು ದಾಟಿದ ಮೇಲೆ ಅದು ಬಿರುಸಾಗುತ್ತಾ ಹೋಗುತ್ತದೆ, ಆಗಲೇ ಚಾಳೀಸು ಬರುವುದು. ಪೊರೆ ಅಂದರೆ ಈ ಮಸೂರವೇ ಮಬ್ಬಾಗುವುದು. ಆಪರೇಷನ್ನಿನಲ್ಲಿ ಅದನ್ನು ತೆಗೆದು ಅದರ ಜಾಗಕ್ಕೆ ಹಾಕುವ ಲೆನ್ಸ್ ಹಾಗೆ ಉಬ್ಬಿ ಇಳಿಯುವಂಥದ್ದಲ್ಲ. ನಡುವಿನ ಗುಂಡು ಭಾಗ ಸುಮಾರು 6 ಮಿಲಿಮೀಟರ್, ಅತ್ತಿತ್ತ ಎರಡು ಸಣ್ಣ ಕೊಕ್ಕೆ. ಸುರುಳಿ ಸುತ್ತಿ ಒಳಗೆ ಬಿಟ್ಟರೆ, ಚಿಗುರೆಲೆ ಬಿಚ್ಚಿಕೊಂಡ ಹಾಗೆ ನಿಧಾನಕ್ಕೆ ಅರಳಿ ಕೂತುಕೊಳ್ಳುತ್ತದೆ. ಸಾವಿರ ಸಲ ನೋಡಿದ್ದರೂ ಆ ಒಂದೆರಡು ಕ್ಷಣ ನನಗೆ ಇನ್ನೂ ಬೇಸರವಾಗಿಲ್ಲ.

ಮೊನೋಫೋಕಲ್ ಅಂದರೆ ಒಂದೇ ದೂರಕ್ಕೆ ಹೊಂದಿಸಿದ್ದು, ಸಾಮಾನ್ಯವಾಗಿ ದೂರದ ನೋಟಕ್ಕೆ. ಬಸ್ಸಿನ ಬೋರ್ಡು ಕಾಣುತ್ತದೆ, ಪೇಪರ್ ಓದಲು ಚಾಳೀಸು ಬೇಕು. ಟ್ರೈಫೋಕಲ್ ಲೆನ್ಸಿನಲ್ಲಿ ಸೂಕ್ಷ್ಮವಾದ ಉಂಗುರಗಳಿರುತ್ತವೆ, ಅವು ಬೆಳಕನ್ನು ದೂರ, ಮಧ್ಯ, ಹತ್ತಿರ ಅಂತ ಹಂಚುತ್ತವೆ. ಹೆಚ್ಚಿನವರಿಗೆ ಕನ್ನಡಕ ಬೇಕಾಗುವುದೇ ಅಪರೂಪ. ಆದರೆ ಒಂದು ಕೊಡ ನೀರನ್ನು ಮೂರು ಬಿಂದಿಗೆಗೆ ಸುರಿದರೆ ಯಾವ ಬಿಂದಿಗೆಯೂ ತುಂಬುವುದಿಲ್ಲ ಅಲ್ವಾ? ಮಬ್ಬು ಬೆಳಕಿನಲ್ಲಿ ನೋಟ ಸ್ವಲ್ಪ ಮಂಕು. ಈಡಾಫ್ ಇವೆರಡರ ನಡುವಿನದು: ದೂರದಿಂದ ಹಿಡಿದು ಊಟದ ತಟ್ಟೆ, ಕಂಪ್ಯೂಟರ್ ತನಕ ಸಾಗುತ್ತದೆ, ಮಾತ್ರೆ ಹಾಳೆ ಮೇಲಿನ ಸಣ್ಣ ಅಕ್ಷರಕ್ಕೆ ಕೈಕೊಡುತ್ತದೆ. ಟೋರಿಕ್ ಬೇರೆಯೇ ಲೆಕ್ಕ, ಅದನ್ನು ಕೆಳಗೆ ಹೇಳುತ್ತೇನೆ.

ಈಗ ನಿಮ್ಮ ತಂದೆಯವರ ವಿಷಯ. ನೀವು ಚೀಟಿ ಬಗ್ಗೆ ಇಷ್ಟುದ್ದ ಬರೆದು ಶುಗರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನನಗೆ ಮುಖ್ಯ ಅನ್ನಿಸಿದ್ದು ಆ ಸಾಲೇ. ಮೊದಲು ಡ್ರಾಪ್ಸ್ ಹಾಕಿಸಿ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಪರದೆ ನೋಡಿಸಿ, ಆ ಪರದೆಯ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಕೂಡ ಮಾಡಿಸಿ. ಶುಗರಿನಿಂದ ರೆಟಿನಾದಲ್ಲಿ ಸೋರಿಕೆ, ಊತ ಇದ್ದರೆ ಬೆಳಕು ಹಂಚುವ ಲೆನ್ಸ್ ಬೇಡವೇ ಬೇಡ. ಮೊದಲೇ ಸೊರಗಿದ ರೆಟಿನಾಗೆ ಇನ್ನೂ ಕಡಿಮೆ ಬೆಳಕು ಕೊಟ್ಟ ಹಾಗಾಗುತ್ತದೆ. ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ ಇದ್ದವರಿಗೂ ಇದೇ ಮಾತು. ಇವತ್ತು ರೆಟಿನಾ ಚೆನ್ನಾಗಿದ್ದರೂ, 15 ವರ್ಷದ ಶುಗರ್ ಅಂದರೆ ನಾನಾದರೆ ಒಳ್ಳೆ ಮೊನೋಫೋಕಲ್ ಹಾಕಿ, ಜೇಬಿಗೊಂದು ಚಾಳೀಸು ಕೊಟ್ಟು ಕಳಿಸುತ್ತೇನೆ. ಲೆಕ್ಕದ ಪುಸ್ತಕಕ್ಕೆ ಇಷ್ಟು ವರ್ಷ ಚಾಳೀಸು ಹಾಕಿದವರಿಗೆ ಅದೊಂದು ಕಷ್ಟವೂ ಅಲ್ಲ. ಆದರೂ ಅವರನ್ನೇ ಕೇಳಿ. ಮಕ್ಕಳು ಚರ್ಚೆ ಮಾಡುತ್ತಿರುತ್ತಾರೆ, ಕಣ್ಣಿನ ಯಜಮಾನರು ಸುಮ್ನೆ ಕುರ್ಚಿಯಲ್ಲಿ ಕೂತಿರುತ್ತಾರೆ. ದಿನಾ ಕಾಣುವ ದೃಶ್ಯ ಇದು.

ಪ್ರಶ್ನೆ: ನನಗೆ 58. ಆರು ವಾರದ ಹಿಂದೆ ಟ್ರೈಫೋಕಲ್ ಹಾಕಿಸಿಕೊಂಡೆ. ಪೇಪರ್ ಕನ್ನಡಕವಿಲ್ಲದೆ ಓದುತ್ತೇನೆ. ಆದರೆ ರಾತ್ರಿ ಎದುರಿನ ಗಾಡಿಯ ಲೈಟಿನ ಸುತ್ತ ಬಳೆ ಬಳೆ ಕಾಣುತ್ತದೆ. ಆಪರೇಷನ್ ಕೆಟ್ಟಿತೇ?
— ಹುಬ್ಬಳ್ಳಿಯ ಓದುಗ

ಕೆಟ್ಟಿಲ್ಲ ಸರ್. ಆ ಬಳೆಗಳು ಲೆನ್ಸಿನ ಉಂಗುರಗಳ ಫಲವೇ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮೆದುಳು ಅದನ್ನು ಲೆಕ್ಕಕ್ಕೆ ಇಡುವುದನ್ನು ಬಿಡುತ್ತದೆ. ಆರು ವಾರ ಜಾಸ್ತಿ ಏನಲ್ಲ. ಅಷ್ಟರೊಳಗೆ ಕಣ್ಣು ಒಣಗಿದೆಯೇ, ಸಣ್ಣ ನಂಬರ್ ಉಳಿದಿದೆಯೇ ನೋಡಿಸಿ. ಎರಡೂ ಈ ಕಾಟವನ್ನು ಹೆಚ್ಚಿಸುತ್ತವೆ, ಎರಡಕ್ಕೂ ಪರಿಹಾರವಿದೆ. ಇನ್ನೊಂದು ಮಾತು. ‘ಲೇಸರ್ ಹೊಡೆದು ನೋಡೋಣ’ ಅಂತ ಯಾರಾದರೂ ಹೇಳಿದರೆ ಅವಸರ ಮಾಡಬೇಡಿ. ಆ ಲೇಸರ್ (ಅದು ಏನು ಅಂತ ಕೊನೆಯ ಉತ್ತರದಲ್ಲಿದೆ) ಆದ ಮೇಲೆ ಲೆನ್ಸ್ ಕೂತಿರುವ ಚೀಲದ ಹಿಂಬದಿ ತೆರೆದಿರುತ್ತದೆ. ಆಮೇಲೆ ಲೆನ್ಸ್ ಬದಲಾಯಿಸಬೇಕು ಅಂದರೆ ಕೆಲಸ ತುಂಬಾ ಕಷ್ಟವಾಗುತ್ತದೆ.

ರಾತ್ರಿ ಬಸ್ ಓಡಿಸುವ ಡ್ರೈವರ್ ಒಬ್ಬರು ಹಿಂದೊಮ್ಮೆ ನನ್ನ ಹತ್ತಿರ ಬಂದಿದ್ದರು. ಬೇರೆ ಕಡೆ ಇದೇ ಲೆನ್ಸ್ ಹಾಕಿಸಿಕೊಂಡಿದ್ದರು. ‘ಜೀವನಪೂರ್ತಿ ಕನ್ನಡಕ ಬೇಡ’ ಅಂತ ಹೇಳಿದ್ದರಂತೆ, ‘ನೀವೇನು ಕೆಲಸ ಮಾಡ್ತೀರಿ’ ಅಂತ ಮಾತ್ರ ಕೇಳಿರಲಿಲ್ಲ. ಘಾಟಿಯ ತಿರುವಿನಲ್ಲಿ ಎದುರು ಲಾರಿ ಬಂದರೆ ಎರಡು ಲೈಟು ಎರಡು ಸೂರ್ಯಕಾಂತಿ ಹೂವಾಗುತ್ತಿತ್ತಂತೆ. ಎಂಟು ತಿಂಗಳು ಕಾದರೂ ಸರಿಹೋಗಲಿಲ್ಲ. ಕೊನೆಗೆ ಲೆನ್ಸೇ ಬದಲಾಯಿಸಬೇಕಾಯಿತು.

ಪ್ರಶ್ನೆ: ಫಾರಿನ್ ಲೆನ್ಸ್ ಒಳ್ಳೆಯದೋ, ಇಂಡಿಯಾದ್ದೋ? ಶಿಬಿರದಲ್ಲಿ ಹಾಕುವ ಲೆನ್ಸ್ ನಂಬಬಹುದೇ?
— ನಿವೃತ್ತ ಮೇಷ್ಟ್ರು, ಶಿರಸಿ

ಮೇಷ್ಟ್ರೇ, ಮೊದಲ ಲೆನ್ಸ್ ಫಾರಿನ್ನಿನದೇ, ಅದರ ಕಥೆ ಕೇಳಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಹೊಕ್ಕಿದ್ದವು. ಅವು ಕಣ್ಣಿಗೆ ಅಂಥ ಕಿರಿಕಿರಿ ಮಾಡದೆ ಉಳಿದಿದ್ದನ್ನು ಹೆರಾಲ್ಡ್ ರಿಡ್ಲಿ ಅನ್ನುವ ಡಾಕ್ಟರು ಗಮನಿಸಿದರು. ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಲೆನ್ಸ್ ಮಾಡಿಸಿ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿಗೆ ಆಪರೇಷನ್ ಮಾಡಿದರು. ಕಣ್ಣೇನೋ ಲೆನ್ಸನ್ನು ಒಪ್ಪಿಕೊಂಡಿತು, ಆದರೆ ಪವರ್ ಲೆಕ್ಕ ತಪ್ಪಿ ಆಕೆಗೆ ಭಾರೀ ಮೈನಸ್ ನಂಬರ್ ಬಂತು.

ನಮ್ಮಲ್ಲಿ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡುತ್ತಿದ್ದ ಕಾಲದಲ್ಲಿ ಲೆನ್ಸ್ ಹಾಕುವ ಮಾತೇ ಇರಲಿಲ್ಲ. ಪೊರೆ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ನಿಮ್ಮ ಅಜ್ಜ ಅಜ್ಜಿಯರ ಮೂಗಿನ ಮೇಲೆ ಅದನ್ನು ನೋಡಿಯೇ ಇರುತ್ತೀರಿ. ಆಗ ಲೆನ್ಸ್ ದುಬಾರಿ, ಹೊರದೇಶದಿಂದ ಬರಬೇಕಿತ್ತು. 1992ರಲ್ಲಿ ಮದುರೆಯಲ್ಲಿ ಆರೋಲ್ಯಾಬ್ ಅನ್ನುವ ಲೆನ್ಸ್ ತಯಾರಿಸುವ ಸಂಸ್ಥೆ ಶುರುವಾಯಿತು. ಅಲ್ಲಿಂದ ಬೆಲೆ ಇಳಿಯಿತು. ಇವತ್ತು ಅವರ ಲೆನ್ಸ್ ಬೇರೆ ದೇಶಗಳಿಗೂ ಹೋಗುತ್ತದೆ. ಹಾಗಾಗಿ ‘ಇಂಡಿಯಾದ್ದು’ ಅಂತ ಮೂಗು ಮುರಿಯುವ ಕಾರಣವಿಲ್ಲ.

ಶಿಬಿರದಲ್ಲಿ ಗಟ್ಟಿ ಲೆನ್ಸ್ ಹಾಕಿದರೆ ಗಾಯ ಸ್ವಲ್ಪ ದೊಡ್ಡದಿರುತ್ತದೆ, 6 ಮಿಲಿಮೀಟರ್ ಆಸುಪಾಸು. ಮಡಚುವ ಲೆನ್ಸಿಗೆ 3 ಮಿಲಿಮೀಟರ್ ಕೂಡ ಬೇಡ. ಮಡಚುವ ಲೆನ್ಸಾದರೆ ಗಾಯ ಬೇಗ ವಾಸಿಯಾಗುತ್ತದೆ, ಸಿಲಿಂಡರ್ ನಂಬರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ್ದರಿಂದ ಬರುವ ನಂಬರ್) ಕಡಿಮೆ ಬರುತ್ತದೆ. ಆದರೆ ಪಳಗಿದ ಕೈ ಹಾಕಿದ ಗಟ್ಟಿ ಲೆನ್ಸಿನಲ್ಲೂ ಚೆನ್ನಾಗಿಯೇ ಕಾಣುತ್ತದೆ. ಎಲ್ಲರೂ ಲೆನ್ಸಿನ ಬ್ರಾಂಡ್ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಕಣ್ಣಿನ ಅಳತೆ ಬಗ್ಗೆ ಒಂದೂ ಕೇಳುವುದಿಲ್ಲ. ಕಣ್ಣಿನ ಉದ್ದ ಅಳೆಯುವಾಗ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ ಎರಡೂವರೆ ನಂಬರಿಗಿಂತ ಜಾಸ್ತಿ ಹೆಚ್ಚುಕಮ್ಮಿ ಆಗುತ್ತದೆ. ಎಷ್ಟೇ ದುಬಾರಿ ಲೆನ್ಸ್ ಆದರೂ ಅದನ್ನು ಸರಿಮಾಡುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಎಷ್ಟು ದಿನ ಮೊದಲು ತೆಗೆದಿಡಬೇಕು ಅಂತ ಕೇಳಿಕೊಳ್ಳಿ.

ಪ್ರಶ್ನೆ: ನನಗೆ ಸಿಲಿಂಡರ್ ನಂಬರ್ ಎರಡೂವರೆ ಇದೆ. ಟೋರಿಕ್ ಬೇಕೇ ಬೇಕು ಅನ್ನುತ್ತಾರೆ. ದುಡ್ಡು ಕೀಳುವುದಕ್ಕೋ?
— ದಾವಣಗೆರೆ

ಎರಡೂವರೆ ಅಂದರೆ ಇಲ್ಲಿ ದುಡ್ಡು ಹಾಕಬಹುದು. ಸಿಲಿಂಡರ್ ಹೆಚ್ಚಾಗಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಬದಿಯ ಗಾಜಿನಂಥ ಪದರದ ಆಕಾರದಿಂದ ಬಂದಿದ್ದು, ಪೊರೆ ತೆಗೆದರೂ ಅದು ಹೋಗುವುದಿಲ್ಲ. ಕಾರ್ನಿಯಾ ಅಳತೆಯಲ್ಲೂ ಅಷ್ಟೇ ಇದೆಯೇ ಅಂತ ಕೇಳಿ. ಟೋರಿಕ್ ಅಂದರೆ ಆ ಸಿಲಿಂಡರನ್ನು ಸರಿಪಡಿಸುವ ಲೆನ್ಸ್, ಮೊನೋಫೋಕಲ್ಲಿನಲ್ಲೂ ಸಿಗುತ್ತದೆ, ಟ್ರೈಫೋಕಲ್ಲಿನಲ್ಲೂ ಸಿಗುತ್ತದೆ. ಒಂದೇ ತೊಡಕು, ಸರಿಯಾದ ಕೋನದಲ್ಲಿ ಕೂರಬೇಕು. ಒಂದು ಡಿಗ್ರಿ ತಿರುಗಿದರೆ ಶೇ 3ರಷ್ಟು ಗುಣ ಹೋಯಿತು, 30 ಡಿಗ್ರಿ ತಿರುಗಿದರೆ ಪೂರ್ತಿ ಹೋಯಿತು. ಮಲಗಿದಾಗ ಕಣ್ಣು ತುಸು ಹೊರಳುವುದರಿಂದ ಎಷ್ಟೋ ಕಡೆ ನಿಮ್ಮನ್ನು ಕೂರಿಸಿಯೇ ಕಣ್ಣಿನ ಅಂಚಿಗೆ ಶಾಯಿಯ ಗುರುತು ಹಾಕುತ್ತಾರೆ. ಗಾಬರಿಯಾಗಬೇಡಿ.

ಪ್ರಶ್ನೆ: ಅತ್ತೆಗೆ ಆಪರೇಷನ್ ಆಗಿ ಎರಡು ವರ್ಷ. ಮತ್ತೆ ಮಂಜು ಮಂಜು ಅನ್ನುತ್ತಾರೆ. ಪೊರೆ ಮತ್ತೆ ಬಂತಾ? ಲೆನ್ಸ್ ಹಾಳಾಯಿತಾ?
— ಸೊಸೆ, ಚಿಂತಾಮಣಿ

ಎರಡೂ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಹೆಚ್ಚಿನ ಸಲ ಲೆನ್ಸಿನ ಹಿಂದಿನ ತೆಳು ಚೀಲ ಮಬ್ಬಾಗಿರುತ್ತದೆ. ಯಾಗ್ ಲೇಸರಿನಿಂದ ಅದರ ನಡುವೆ ಕಿಟಕಿ ತೆರೆಯುತ್ತಾರೆ. ಕೊಯ್ಯುವುದಿಲ್ಲ, ಕೆಲವೇ ನಿಮಿಷದ ಕೆಲಸ, ಅವತ್ತೇ ಮನೆಗೆ ಬರಬಹುದು. ಮೊದಲು ರೆಟಿನಾ ನೋಡಿಸಿ, ಮಂಜಿಗೆ ಕಾರಣ ಅಲ್ಲೂ ಇರಬಹುದು. ಹೋಗುವಾಗ ಆಪರೇಷನ್ ದಿನ ಕೊಟ್ಟ ಲೆನ್ಸ್ ಕಾರ್ಡ್ ತೆಗೆದುಕೊಂಡು ಹೋಗಿ, ಯಾವ ಲೆನ್ಸ್, ಎಷ್ಟು ಪವರ್ ಅಂತ ಅದರ ಸ್ಟಿಕ್ಕರಿನಲ್ಲಿ ಇರುತ್ತದೆ. ಬೀರುವಿನಲ್ಲಿ ಸೀರೆ ಕೆಳಗೆ ನೋಡಿ, ನಮ್ಮಮ್ಮನದು ಅಲ್ಲೇ ಸಿಕ್ಕಿತ್ತು.